ಮುನಿಸಿಕೊಂಡ ಅಣ್ಣನ ಮನೆಗೆ ಹೋಗುವ ಮುನ್ನ: ಸತ್ಯವೇದ, ಸಿನಿಮಾ ಮತ್ತು ಕ್ಷಮೆಯ ಅಭ್ಯಾಸ

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಬೆಳೆದವರಿಗೆ ಆರಾಧನೆಯ ಈ ಗಳಿಗೆ ಗೊತ್ತಿರುತ್ತದೆ. ಕರ್ತನ ಭೋಜನವಿರುವ ಭಾನುವಾರ, ಕಾಣಿಕೆ ತೆಗೆದುಕೊಳ್ಳುವ ಮೊದಲು, ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಪೀಠದ ಬಳಿ ನಿಂತವರ ಜೋಡಿಸಿದ ಕೈಗಳನ್ನು ಹಿಡಿದು 'ಸಮಾಧಾನ' ಕೊಡುತ್ತಾರೆ. ಅದು ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ಸಾಗಿ ಬಾಗಿಲ ಹತ್ತಿರ ಕೂತವರನ್ನೂ ಮುಟ್ಟುತ್ತದೆ. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಸಭೆಗಳು ಒಂದಾದ ಮೇಲೆ, 1950ರಲ್ಲಿ ಬಳಕೆಗೆ ಬಂದ ಆರಾಧನಾ ಕ್ರಮದಲ್ಲಿ ಹಿರಿಯರು ಈ ಪದ್ಧತಿಗೆ ಸ್ಥಾನ ಕೊಟ್ಟರು. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ವಿರೋಧವಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗು ಎಂದು ಯೇಸು ಸ್ವಾಮಿ ಹೇಳಿದ್ದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ಕೈ ಚಾಚಿದಾಗಲೆಲ್ಲ ನಾವು ಆ ಮಾತಿಗೆ ಒಪ್ಪಿಗೆ ಕೊಡುತ್ತೇವೆ.

ನಾಲ್ಕು ವರ್ಷ ನಾನು ಹೀಗೆ ಕೈ ಚಾಚಿದೆ. ನನ್ನ ಒಡಹುಟ್ಟಿದ ಅಣ್ಣ ಮೂರು ಬೆಂಚು ಮುಂದೆ ಕೂರುತ್ತಿದ್ದ. ಸಮಾಧಾನವು ಅವನ ಕೈ ದಾಟಿ, ನಡುವೆ ಕೂತವರ ಮೂಲಕ ನನ್ನ ತನಕ ಬರುತ್ತಿತ್ತು. ಆರಾಧನೆ ಮುಗಿದ ಮೇಲೆ ನಾವಿಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದೆವು. ಅವನನ್ನು ಕ್ಷಮಿಸಿದ್ದೇನೆಂದೇ ನಾನು ನಂಬಿದ್ದೆ, ಏಕೆಂದರೆ ಯಾರ ಮುಂದೆಯೂ ಅವನನ್ನು ಬಯ್ದಿರಲಿಲ್ಲ. ಸುಮ್ಮನಿರುವುದೇ ಕ್ಷಮೆ ಎಂಬ ಈ ತಿಳಿವಳಿಕೆಯನ್ನು ನನಗೆ ಸತ್ಯವೇದ (ಬೈಬಲ್) ಕಲಿಸಿರಲಿಲ್ಲ. ಅದರ ಬಹುಪಾಲು ನಾನು ಚಿಕ್ಕಂದಿನಿಂದ ನೋಡಿ ಅತ್ತ ಸಿನಿಮಾಗಳಿಂದ ಬಂದಿತ್ತು. ಆದ್ದರಿಂದ ಮನೆಯ ಮುನಿಸನ್ನು ವಿಶ್ವಾಸಕ್ಕೆ ತಕ್ಕಂತೆ ತೀರಿಸಿಕೊಳ್ಳಬೇಕೆಂದು ಇರುವವರು ಮೊದಲು ಒಂದು ಸಿನಿಮಾ ನೋಡಿರೆಂದು ನಾನು ಹೇಳುತ್ತೇನೆ.

ನೋಡುವ ಬಗೆ

1972ರ 'ಬಂಗಾರದ ಮನುಷ್ಯ' ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಆರಂಭ. ವಿಧವೆಯಾದ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟು, ಬಂಜರು ಭೂಮಿಯನ್ನು ಹಸಿರು ಮಾಡಿದ ರಾಜೀವ, ತಾನೇ ಓದಿಸಿ ಬೆಳೆಸಿದ ಅಕ್ಕನ ಮಗ ಊಟಕ್ಕೆ ಕೂತ ಹೊತ್ತಿನಲ್ಲಿ ಆಡಿದ ಮಾತಿಗೆ ಎದ್ದು ಮನೆ ಬಿಡುತ್ತಾನೆ, ಮತ್ತೆ ಬರುವುದಿಲ್ಲ. ಆ ದೃಶ್ಯಕ್ಕೆ ಅಳದ ಕನ್ನಡಿಗರು ಕಡಿಮೆ. ನಮ್ಮ ಮನೆಯಲ್ಲಿ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ "ದೊಡ್ಡ ಮನಷ್ಯಾ" ಎನ್ನುತ್ತಿದ್ದಳು. ದೊಡ್ಡವರಾಗುವುದೆಂದರೆ ಹೀಗೆ ಎದ್ದು ಹೋಗುವುದು ಎಂದು ನಾವು ಮಕ್ಕಳು ಮನಸ್ಸಿನಲ್ಲಿ ಬರೆದುಕೊಂಡೆವು.

ಈ ಸಲ ನೋಡುವಾಗ ಒಂದೇ ಒಂದು ಪ್ರಶ್ನೆಯನ್ನು ಇಟ್ಟುಕೊಳ್ಳಿ: ಈ ಮಾತನ್ನು ಇವರು ಯಾರಿಗೆ ಹೇಳಬೇಕಿತ್ತು, ಅವರಿಗೇ ಹೇಳಿದರೇ? ಈ ಪ್ರಶ್ನೆಯೊಂದಿಗೆ ನಮ್ಮ ಕೌಟುಂಬಿಕ ಚಿತ್ರಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ತಾಯಿ ತನ್ನ ನೋವನ್ನು ತೀರಿಹೋದ ಗಂಡನ ಫೋಟೋಕ್ಕೆ ಹೇಳುತ್ತಾಳೆ, ಅಣ್ಣ ಗೆಳೆಯನಿಗೆ ಹೇಳುತ್ತಾನೆ, ಸೊಸೆ ದೇವರ ಮುಂದೆ ನಿಂತು ಹೇಳುತ್ತಾಳೆ. ಯಾರಿಗೆ ಆ ಮಾತು ಸೇರಬೇಕೋ ಅವರು ಕೊನೆಯ ರೀಲಿನಲ್ಲಿ ಮೂರನೆಯವರಿಂದ ಕೇಳಿ ಕುಸಿದು ಕೂರುತ್ತಾರೆ. ರಾಜೀವನಿಗೆ ಬಾಯಿ ಬಿಡದಿರಲು ಕಾರಣಗಳಿದ್ದವು, ಅವನ ಮನಸ್ಸು ಬಂಗಾರವೇ ಹೌದು. ಆದರೆ ತಪ್ಪಾಡಿದ ಹುಡುಗನಿಗೆ ಕ್ಷಮೆ ಕೇಳುವ ಅವಕಾಶವೇ ಉಳಿಯಲಿಲ್ಲ ಎಂಬುದನ್ನೂ ನಾವು ನೋಡಬೇಕು.

ಇದರ ಪಕ್ಕದಲ್ಲಿ ಮತ್ತಾಯ 18ನೆಯ ಅಧ್ಯಾಯದ 15ನೆಯ ವಚನವನ್ನು ಓದಿ. ಸಹೋದರನು ತಪ್ಪು ಮಾಡಿದರೆ ನೀನು ಹೋಗು, ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು, ಅವನು ಕೇಳಿದರೆ ನಿನ್ನ ಸಹೋದರನನ್ನು ಸಂಪಾದಿಸಿಕೊಂಡಂತೆ ಎನ್ನುತ್ತಾರೆ ಯೇಸು. ನಮ್ಮ ಕನ್ನಡ ಸತ್ಯವೇದದ ಆ 'ಸಂಪಾದನೆ' ಎಂಬ ಮಾತು ನನಗೆ ಬಹಳ ಪ್ರಿಯ. ಹೊಲ, ಹಣ, ಹೆಸರು ಸಂಪಾದಿಸುವಂತೆ ಕಳೆದುಹೋದ ಅಣ್ಣನನ್ನೂ ದುಡಿದು ಸಂಪಾದಿಸಬೇಕು. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ತೋರಿಸು ಎಂದವರೇ, ಮಹಾಯಾಜಕನ ಮುಂದೆ ಓಲೇಕಾರನು (ಕಾವಲಿನ ಆಳು) ಕೆನ್ನೆಗೆ ಹೊಡೆದಾಗ, ನಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ನನ್ನನ್ನೇಕೆ ಹೊಡೆಯುತ್ತೀ ಎಂದು ಕೇಳಿದ್ದನ್ನು ಯೋಹಾನನು ಬರೆದಿಟ್ಟಿದ್ದಾನೆ. ಹೊಡೆದವನ ಮುಖ ನೋಡಿ ಕೇಳಿದ ಆ ಪ್ರಶ್ನೆಯಲ್ಲಿ ಸಿಟ್ಟಿನ ತೀರಿಕೆಯಿಲ್ಲ, ಮೌನವೂ ಇಲ್ಲ.

1971ರ 'ಕಸ್ತೂರಿ ನಿವಾಸ'ವನ್ನು ಇನ್ನೊಂದು ಸಂಜೆ ನೋಡಬಹುದು. ಕೊಡುವುದನ್ನು ಬಿಟ್ಟು ಬೇರೇನೂ ಅರಿಯದ ಆ ಮನೆಯ ಯಜಮಾನ ಬರಿಗೈಯಾದಾಗಲೂ ಬೇಡಲಾರ. ಪಾದ ತೊಳೆಯಲು ಬಂದ ಯೇಸುವನ್ನು ಬೇಡವೆಂದ ಶಿಷ್ಯ ಪೇತ್ರನ ನೆನಪು ನನಗೆ ಅಲ್ಲಿ ಬರುತ್ತದೆ. ಕೈಯೊಡ್ಡಿ ಪಡೆಯುವುದನ್ನೂ ವಿಶ್ವಾಸಿಯು ಕಲಿಯಬೇಕಾಗುತ್ತದೆ.

ವಿಶ್ವಾಸಿಗಳು ಇಂಥ ಸಿನಿಮಾ ನೋಡಬಹುದೇ ಎಂದು ಕೂಟದಲ್ಲಿ ಕೇಳುವವರಿದ್ದಾರೆ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಅಪೊಸ್ತಲ ಪೌಲನು ಅಥೇನೆಯಲ್ಲಿ (ಗ್ರೀಸಿನ ಅಥೆನ್ಸ್) ಅಲ್ಲಿಯವರ ಬಲಿಪೀಠಗಳನ್ನು ಗಮನವಿಟ್ಟು ನೋಡಿ, ಅವರ ಕವಿಗಳ ಮಾತನ್ನೇ ಎತ್ತಿಕೊಂಡು ಮಾತನಾಡಿದ ಸಂಗತಿ ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿದೆ. 2022ರ 'ಕಾಂತಾರ'ದ ಕೊನೆಯಲ್ಲಿ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ದೈವವು ಒಟ್ಟುಗೂಡಿಸುವಾಗ ನನಗೆ ನಮ್ಮ ಸಮಾಧಾನದ ಗಳಿಗೆ ನೆನಪಾಯಿತು. ಕರಾವಳಿಯ ಆ ನಂಬಿಕೆ ನನ್ನದಲ್ಲ, ಅದನ್ನು ನನ್ನದರಂತೆ ತಿರುಚಿ ಹೇಳುವುದೂ ಸಲ್ಲದು. ಮುನಿದವರ ಕೈ ಕೂಡುವುದು ಎಷ್ಟು ದೊಡ್ಡ ಕೆಲಸವೆಂದು ನೆರೆಯವರೂ ಬಲ್ಲರು ಎಂಬುದಕ್ಕೆ ನಾನು ತಲೆಬಾಗಿದೆ.

ಸಿನಿಮಾ ಮುಗಿದ ಕೂಡಲೇ ಮಕ್ಕಳಿಗೆ ಪ್ರಸಂಗ ಮಾಡಬೇಡಿ. ಆ ಪ್ರಶ್ನೆಯನ್ನು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಇಟ್ಟು ಬಿಟ್ಟುಬಿಡಿ. ರಾತ್ರಿ ಒಬ್ಬರೇ ಇರುವಾಗ, ನೀವು ಮಾತು ಬಿಟ್ಟ ಒಬ್ಬರ ಹೆಸರನ್ನು ಚೀಟಿಯಲ್ಲಿ ಬರೆದು ಸತ್ಯವೇದದೊಳಗೆ ಇಟ್ಟುಕೊಳ್ಳಿ.

ಹೊರಡುವ ಮೊದಲು

ಆ ಚೀಟಿಯ ಹಿಂಭಾಗದಲ್ಲಿ, ಅವರಿಗೆ ನಿಮ್ಮಿಂದ ಆದ ಅನ್ಯಾಯವನ್ನು ಬರೆಯಿರಿ. ಸಹೋದರನ ಕಣ್ಣಿನ ರವೆಯನ್ನು ತೆಗೆಯುವ ಮೊದಲು ನಿನ್ನ ಕಣ್ಣಿನ ತೊಲೆಯನ್ನು ತೆಗೆ ಎಂಬ ಮಾತನ್ನು ನಾವು ಇತರರಿಗೆ ಹೇಳುವುದೇ ಹೆಚ್ಚು. ಏನೂ ಹೊಳೆಯದಿದ್ದರೆ ಮೂರು ದಿನ ಕಾಯಿರಿ. ನನಗೆ ಹೊಳೆಯಲಿಲ್ಲ, ಹಾಗೆಯೇ ಹೋದೆ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ನಿಮಗೆ ಆದ ನೋವನ್ನು ಸಣ್ಣದೆಂದು ಹೇಳಿಕೊಳ್ಳುವ ಅಗತ್ಯವಿಲ್ಲ. ಮತ್ತಾಯ 18ರ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ಅರಸನು ಒಬ್ಬ ಆಳಿನ ಸಾಲವನ್ನು ಬಿಟ್ಟುಕೊಡುತ್ತಾನೆ, ಆ ಆಳು ಮಾತ್ರ ತನಗೆ ಸಾಲ ಕೊಡಬೇಕಿದ್ದ ಜೊತೆಯಾಳನ್ನು ಬಿಡುವುದಿಲ್ಲ. ಜೊತೆಯಾಳು ಕೊಡಬೇಕಿದ್ದ ಸಾಲ ನೂರು ದಿನಾರಿ. ಒಂದು ದಿನಾರಿ ಆ ಕಾಲದ ಒಂದು ದಿನದ ಕೂಲಿ, ಅಂದರೆ ಅದು ಮೂರು ತಿಂಗಳಿಗೂ ಮೀರಿದ ದುಡಿಮೆ. ಕೂಲಿ ಮಾಡಿ ಉಣ್ಣುವವರಿಗೆ ಅದು ನಿಜವಾದ ನಷ್ಟ. ಅರಸನು ಬಿಟ್ಟುಕೊಟ್ಟ ಸಾಲವೋ ಹತ್ತು ಸಾವಿರ ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ ಎಂದು ಲೆಕ್ಕ ಹಿಡಿದರೆ ಆರು ಕೋಟಿ ದಿನಗಳ ಕೂಲಿ. ಯೇಸು ನಮ್ಮ ನೂರು ದಿನಾರಿಯನ್ನು ಸೊನ್ನೆ ಎನ್ನಲಿಲ್ಲ. ಆರು ಕೋಟಿಯ ಪಕ್ಕದಲ್ಲಿಟ್ಟು ನೋಡು ಎಂದರು. ಪ್ರಾರ್ಥನೆಯಲ್ಲಿ ಈ ಲೆಕ್ಕವನ್ನೇ ನಿಧಾನವಾಗಿ ಮಾಡಿ.

ಹೇಳಬೇಕಾದುದಕ್ಕೆ ಒಂದೇ ಸಂಗತಿಯನ್ನು ಆರಿಸಿಕೊಳ್ಳಿ: ಯಾವ ದಿನ, ಎಲ್ಲಿ, ಅವರು ಏನೆಂದರು, ನಿಮಗೆ ಏನಾಯಿತು. "ನೀನು ಯಾವಾಗಲೂ ಹೀಗೇ" ಎಂದು ಆರಂಭಿಸಿದರೆ ಮೂವತ್ತು ವರ್ಷದ ಕಡತ ಬಿಚ್ಚಿಕೊಳ್ಳುತ್ತದೆ. 'ಇಬ್ಬರೇ ಇರುವಾಗ' ಎಂಬುದನ್ನು ಅಕ್ಷರಶಃ ಪಾಲಿಸಿ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸೂಚ್ಯವಾಗಿ ಒಂದು ವಚನವನ್ನು ಹಾಕುವುದು, ಅತ್ತಿಗೆಯ ಕಿವಿಗೆ ಹಾಕಿ ನೋಡುವುದು, ಅಯ್ಯನವರಿಂದ ಪ್ರಸಂಗದಲ್ಲಿ ಹೇಳಿಸುವುದು ಇವೆಲ್ಲ ಆ ಆಜ್ಞೆಯನ್ನು ತಪ್ಪಿಸುವ ದಾರಿಗಳು. ಫೋನಿಗಿಂತ ಎದುರಿಗೆ ಹೋಗುವುದು ಮೇಲು. ಹಬ್ಬ, ಮದುವೆ, ಆಸ್ತಿಯ ಮಾತುಕತೆಯ ದಿನ ಬೇಡ.

ಹೋದ ಮೇಲೆ

ನಮ್ಮ ಮುನಿಸು ಹುಟ್ಟಿದ್ದು ಅವ್ವ ತೀರಿಕೊಂಡು ವರ್ಷವಾದಾಗ ಇಟ್ಟ ಪ್ರಾರ್ಥನೆಯ ಊಟದಲ್ಲಿ. ನೆಂಟರ ಮುಂದೆ ಅಣ್ಣ ಅವ್ವನ ಔಷಧದ ಖರ್ಚಿನ ಮಾತು ತೆಗೆದ. ನಾನು ರಾಜೀವನಂತೆಯೇ ತಟ್ಟೆ ಬಿಟ್ಟು ಎದ್ದು ಬಂದೆ. ನಾಲ್ಕು ವರ್ಷದ ಮೇಲೆ, ಡಿಸೆಂಬರಿನ ಮೊದಲ ವಾರದ ಒಂದು ಸಂಜೆ, ಅವನ ಮನೆಯ ಅಂಗಳಕ್ಕೆ ಹೋದೆ. ಅವನು ಸ್ಟೂಲಿನ ಮೇಲೆ ಕೂತು ಬಿದಿರಿನ ಕಡ್ಡಿಗಳ ಕ್ರಿಸ್ಮಸ್ ನಕ್ಷತ್ರಕ್ಕೆ ಕೆಂಪು ಕಾಗದ ಅಂಟಿಸುತ್ತಿದ್ದ. ತಲೆಯೆತ್ತಿ ನೋಡಿ, "ಬರೇ ನಿಂತೀಯಲ್ಲ, ಆ ಅಂಟಿನ ಬಟ್ಟಲಾ ಹಿಡಿ" ಎಂದ. ಬೇಯಿಸಿದ ಮೈದಾದ ಅಂಟು ಇನ್ನೂ ಬಿಸಿಯಿತ್ತು. ಬಟ್ಟಲನ್ನು ಹಿಡಿದುಕೊಂಡೇ ನಾನು ಬರೆದುಕೊಂಡು ಹೋಗಿದ್ದ ಮಾತನ್ನು ಹೇಳಿದೆ: "ಅಣ್ಣಾ, ಅವ್ವನ ವರ್ಷದ ಪ್ರಾರ್ಥನೀ ದಿನ ಊಟಕ್ಕ ಕುಂತಾಗ ನೀ ಔಷಧದ ರೊಕ್ಕದ ಮಾತ ತಗದಿ. ಎಲ್ಲಾರ ಮುಂದ ಅಂದಿದ್ದು ನನಗ ಭಾಳ ನೋವಾತು."

ಅವನು ಒಂದು ಮೂಲೆಯ ಕಾಗದವನ್ನು ಪೂರ್ತಿ ಅಂಟಿಸಿ ಬೆರಳಿನಿಂದ ಒತ್ತಿದ. ಆಮೇಲೆ ನನ್ನನ್ನು ನೋಡದೆಯೇ, "ಆಕಿ ದವಾಖಾನ್ಯಾಗ ಹನ್ನೊಂದ ದಿನಾ ಇದ್ಲು. ನೀ ಎರಡ ಸಲಾ ಬಂದಿ. ಒಂದ ರಾತ್ರೀನೂ ನಿಲ್ಲಲಿಲ್ಲ" ಎಂದ.

ಇದು ನನ್ನ ಚೀಟಿಯ ಹಿಂಭಾಗದಲ್ಲಿ ಇರಬೇಕಾಗಿದ್ದ ಸಾಲು. ಹಣ ಕಳಿಸಿದ್ದೆ, ಕೆಲಸದ ಒತ್ತಡವಿತ್ತು, ಹೇಳಲು ನೂರು ಸಮಜಾಯಿಷಿಗಳು ನಾಲಗೆಯ ತುದಿಗೆ ಬಂದವು. ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ ಎಂಬ ಯಾಕೋಬನ ಮಾತು ಬೇಕಾಗುವುದು ಇಂಥ ಹೊತ್ತಿನಲ್ಲಿಯೇ. ನಿಮ್ಮ ತಪ್ಪನ್ನು ಎದುರಿನವರು ಎತ್ತಿ ಹೇಳಿದಾಗ ಅದು ನಿಜವಾಗಿದ್ದರೆ ಒಪ್ಪಿಕೊಳ್ಳಿ, ಅದರ ಹಿಂದೆ 'ಆದರೆ' ಸೇರಿಸಬೇಡಿ. "ಹೌದ ಅಣ್ಣಾ, ನಂದ ತಪ್ಪಾತು" ಎಂದೆ. ಅವನು ತನ್ನ ಮಾತಿಗೆ ಆ ದಿನ ಕ್ಷಮೆ ಕೇಳಲಿಲ್ಲ. ಒಳಗಿನಿಂದ ಅತ್ತಿಗೆ ಚಹಾ ತಂದರು, ನಾವು ನಕ್ಷತ್ರವನ್ನು ಮುಗಿಸಿದೆವು. ಒಂದು ಭೇಟಿಯಲ್ಲಿ ಎಲ್ಲವೂ ಸರಿಹೋಗಿ ತಬ್ಬಿಕೊಂಡು ಅಳುವುದು ಸಿನಿಮಾದ ಸಮಯಕ್ಕೆ ಬೇಕಾದ ಏರ್ಪಾಡು; ಹಾಗಾಗದಿದ್ದರೆ ಸೋತೆವೆಂದು ತಿಳಿಯಬೇಡಿ. ಎಂಟು ದಿನ ಬಿಟ್ಟು ಬೇರೇನಾದರೂ ಸಣ್ಣ ಕೆಲಸಕ್ಕೆ ಮತ್ತೆ ಹೋಗಿ.

ಗಂಡಹೆಂಡಿರ ನಡುವೆ, ಮಕ್ಕಳೊಂದಿಗೆ ಈ ಅಭ್ಯಾಸ ಇನ್ನೂ ಸಣ್ಣ ಪ್ರಮಾಣದಲ್ಲಿ ದಿನವೂ ನಡೆಯಬೇಕು. ಸೂರ್ಯನು ಮುಳುಗುವ ಮೊದಲು ಸಿಟ್ಟು ತೀರಲಿ ಎಂದು ಎಫೆಸದವರಿಗೆ ಬರೆದ ಮಾತನ್ನು ನಾವು ಮನೆ ಪ್ರಾರ್ಥನೆಗೆ ಜೋಡಿಸಿಕೊಂಡಿದ್ದೇವೆ: ಕೀರ್ತನೆ ಹಾಡುವ ಮೊದಲು, ಅಂದು ಯಾರಿಗಾದರೂ ಬಿರುಸಾಗಿ ಮಾತನಾಡಿದವರು ಅವರ ಹೆಸರು ಹಿಡಿದು ಕ್ಷಮೆ ಕೇಳುತ್ತಾರೆ, ಹಿರಿಯರು ಮೊದಲು. ತಂದೆಯು ಮಗಳ ಕ್ಷಮೆ ಕೇಳಿದರೆ ಮರ್ಯಾದೆ ಹೋಗುತ್ತದೆಂದು ನನಗೂ ಅನಿಸಿತ್ತು. ಈಗ ನನ್ನ ಮಗಳು ತನ್ನ ತಪ್ಪನ್ನು ಮುಚ್ಚಿಡುವುದು ಕಡಿಮೆಯಾಗಿದೆ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಹೊಡೆಯುವ ಗಂಡನ ಹತ್ತಿರ ಒಬ್ಬಳೇ ಹೋಗಿ ಮಾತನಾಡು, ಸಹಿಸಿಕೋ, ಶಿಲುಬೆ ಹೊರು ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವವರು ನಮ್ಮ ಸಭೆಗಳಲ್ಲಿದ್ದಾರೆ. ಆ ಬುದ್ಧಿ ತಪ್ಪು. ಅದೇ ಅಧ್ಯಾಯವು ಕೇಳದವನ ಬಳಿಗೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಎನ್ನುತ್ತದೆ, ಅಂದರೆ ಅನ್ಯಾಯವನ್ನು ಮುಚ್ಚಿಡಲು ಅಲ್ಲಿ ಅನುಮತಿಯಿಲ್ಲ. ಜೀವಕ್ಕೆ ಭಯವಿದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಮಹಿಳಾ ಸಹಾಯವಾಣಿ 181ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಇನ್ನು, ಹೋಗಿ ಬಾಗಿಲು ತಟ್ಟಿದರೂ ತೆರೆಯದವರಿರುತ್ತಾರೆ. ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದು ರೋಮಾಪುರದವರಿಗೆ ಬರೆದಾಗ ಪೌಲನು 'ಸಾಧ್ಯವಾದರೆ' ಎಂಬ ಮಾತನ್ನೂ ಸೇರಿಸಿದ್ದಾನೆ. ಅವರ ಪಾಲಿನ ಕೆಲಸ ನಿಮ್ಮದಲ್ಲ.

ಕ್ಷಮೆಯಾದ ಮೇಲೆಯೂ ಲೆಕ್ಕ ಬಾಕಿಯಿರಬಹುದು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದದ್ದು ಯೇಸು ಅವನ ಮನೆಗೆ ಬಂದ ಮೇಲೆ. ಹಣದ, ಜಮೀನಿನ ವಿಷಯವನ್ನು ಮನಸ್ಸಿನ ವಿಷಯದೊಂದಿಗೆ ಕಲಸದೆ, ಬೇರೆ ದಿನ ಕಾಗದಪತ್ರ ಇಟ್ಟುಕೊಂಡು ಕೂರುವುದು ಒಳ್ಳೆಯದು. ಅಪ್ಪ ಬಿಟ್ಟುಹೋದ ಹೊಲದ ಬದುವಿನ ಬಗ್ಗೆ ಅಣ್ಣನಿಗೂ ನನಗೂ ಈಗಲೂ ಒಮ್ಮತವಿಲ್ಲ. ಇಬ್ಬರೂ ಸೇರಿ ಹದ್ದುಬಸ್ತಿಗೆ, ಅಂದರೆ ಸರ್ವೆ ಮಾಡಿಸಿ ಗಡಿ ಗುರುತಿಸಲು, ಅರ್ಜಿ ಹಾಕಿದ್ದೇವೆ. ಸರ್ವೆಯವರು ಬರುವ ದಿನ ಬೆಳಿಗ್ಗೆ ಹೊಲದಲ್ಲಿ ಇಬ್ಬರೂ ಇರುತ್ತೇವೆ. ಮಧ್ಯಾಹ್ನದ ಊಟ ಅಣ್ಣನ ಮನೆಯಲ್ಲಿ.