ಸಣ್ಣ ಧಾನ್ಯಗಳ ಆಹಾರ ಲೆಕ್ಕವನ್ನು ಓದುವುದು ಹೇಗೆ?

ಒಬ್ಬರಿಗೆ ವರ್ಷಕ್ಕೆ ಇಷ್ಟು ಕೆಜಿ ಫೋನಿಯೋ (ಪಶ್ಚಿಮ ಆಫ್ರಿಕಾದ ಸಣ್ಣ ಕಾಳು), ಇಷ್ಟು ಕೆಜಿ ಕ್ವಿನೋವಾ (ದಕ್ಷಿಣ ಅಮೆರಿಕದ ಕಾಳು) ಅಂತ ವರದಿಗಳಲ್ಲಿ ಬರುತ್ತದಲ್ಲ, ಆ ಅಂಕಿ ಹುಟ್ಟುವುದು ದೇಶದ ಆಹಾರ ಸಮತೋಲನ ಪಟ್ಟಿಯಲ್ಲಿ. ಫುಡ್ ಬ್ಯಾಲೆನ್ಸ್ ಶೀಟ್ ಅಂತಲೇ ಹೆಚ್ಚಿನವರು ಕರೆಯುತ್ತಾರೆ. ಈ ಪಟ್ಟಿಗಳನ್ನು ತಿರುವಿ ಹಾಕುವುದೇ ನನ್ನ ಕೆಲಸ. ಗೋಧಿ, ಮೆಕ್ಕೆಜೋಳದ ಸಾಲು ಓದಿದ ಹಾಗೆ ಸಣ್ಣ ಧಾನ್ಯದ, ಅಂದರೆ ಕಡಿಮೆ ಪ್ರಮಾಣದಲ್ಲಿ ಬೆಳೆಯುವ ಧಾನ್ಯದ, ಸಾಲನ್ನು ಓದಲು ಬರುವುದಿಲ್ಲ.

ಮೊದಲು ನಿಮ್ಮ ಬೆಳೆ ಯಾವ ಸಾಲಿನಲ್ಲಿ ಕೂತಿದೆ ಅಂತ ಹುಡುಕಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಪ್ರಕಟಿಸುವ ಪಟ್ಟಿಯಲ್ಲಿ ಜೋಳಕ್ಕೆ, ಓಟ್ಸ್‌ಗೆ, ರೈಗೆ ಒಂದೊಂದು ಸಾಲು ಇದೆ. ಸಿರಿಧಾನ್ಯಕ್ಕೆ ಒಟ್ಟಾಗಿ ಒಂದೇ ಸಾಲು. ಸಜ್ಜೆ, ರಾಗಿ, ನವಣೆ, ಬರಗು, ಹಾರಕ ಎಲ್ಲ ಅದರೊಳಗೆ. ಉಳಿದದ್ದೆಲ್ಲ 'ಇತರ ಧಾನ್ಯಗಳು' ಅನ್ನುವ ಸಾಲಿಗೆ ಹೋಗುತ್ತದೆ: ಬಕ್‌ವೀಟ್ (ಹಿಂದಿಯ ಕುಟ್ಟು), ಕ್ವಿನೋವಾ, ಫೋನಿಯೋ, ಟ್ರಿಟಿಕೇಲ್ (ಗೋಧಿ ಮತ್ತು ರೈ ಬೆರೆಸಿದ ತಳಿ), ಕ್ಯಾನರಿ ಬೀಜ, ಮಿಶ್ರ ಧಾನ್ಯ. ಕ್ವಿನೋವಾ, ಬಕ್‌ವೀಟ್ ಹುಲ್ಲಿನ ಜಾತಿಯವೇ ಅಲ್ಲ, ಆದರೂ ಲೆಕ್ಕದಲ್ಲಿ ಧಾನ್ಯವೇ.

ಈ ಸಾಲು ದೇಶದಿಂದ ದೇಶಕ್ಕೆ ಬೇರೆಯೇ ಅರ್ಥ ಕೊಡುತ್ತದೆ. ಇಥಿಯೋಪಿಯಾದಲ್ಲಿ ಅದು ಹೆಚ್ಚೂಕಮ್ಮಿ ಟೆಫ್ ಎಂಬ ಪುಟ್ಟ ಕಾಳು, ಜನರ ದಿನದ ಊಟ. ಪೋಲೆಂಡ್‌ನಲ್ಲಿ ಟ್ರಿಟಿಕೇಲ್ ಜಾಸ್ತಿ, ಅದು ಮುಖ್ಯವಾಗಿ ಜಾನುವಾರಿಗೆ. ಕೆನಡಾದ ಕ್ಯಾನರಿ ಬೀಜ ಬಹುಪಾಲು ಹಕ್ಕಿಗಳ ಆಹಾರ. ಹಾಗಾಗಿ ಎರಡು ದೇಶಗಳ 'ಇತರ ಧಾನ್ಯ' ಹೋಲಿಸುವ ಮುಂಚೆ, ಉತ್ಪಾದನೆಯ ದತ್ತಾಂಶದಲ್ಲಿ ಬೆಳೆವಾರು ಅಂಕಿ ತೆಗೆದು ಅದರೊಳಗೆ ಏನಿದೆ ಅಂತ ನೋಡಲೇಬೇಕು. ಈ ಒಂದು ಹೆಜ್ಜೆ ಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ.

ಲೆಕ್ಕ ಸರಳ. ಉತ್ಪಾದನೆಗೆ ಆಮದು ಕೂಡಿಸಿ, ರಫ್ತು ಕಳೆಯಿರಿ, ದಾಸ್ತಾನು ಎಷ್ಟು ಬೆಳೆಯಿತೋ ಅದನ್ನೂ ಕಳೆಯಿರಿ. ಸಿಕ್ಕಿದ್ದು ದೇಶದೊಳಗಿನ ಪೂರೈಕೆ. ಅದರಿಂದ ಬಿತ್ತನೆ ಬೀಜ, ಮೇವು, ನಷ್ಟ, ಕೈಗಾರಿಕೆ ಮುಂತಾದ ಬಳಕೆ ತೆಗೆದರೆ ಉಳಿಯುವುದು ಆಹಾರ.

ಒಂದು ಕಲ್ಪಿತ ದೇಶ ಇಟ್ಟುಕೊಳ್ಳೋಣ. ಜನಸಂಖ್ಯೆ 2 ಕೋಟಿ. ಒಂದು ಸಣ್ಣ ಧಾನ್ಯದ ಉತ್ಪಾದನೆ 1,00,000 ಟನ್. ಆಮದು 5,000, ರಫ್ತು 12,000, ದಾಸ್ತಾನಿಗೆ ಸೇರಿದ್ದು 3,000. ಪೂರೈಕೆ 90,000 ಟನ್. 1,00,000 ಹೆಕ್ಟೇರಿಗೆ ತಲಾ 30 ಕೆಜಿಯಂತೆ ಬೀಜ 3,000 ಟನ್. ಮೇವಿಗೆ 10,000, ನಷ್ಟ 7,000. ಆಹಾರಕ್ಕೆ ಉಳಿದದ್ದು 70,000 ಟನ್, ತಲೆಗೆ 3.5 ಕೆಜಿ.

ಈಗ ರಫ್ತಿನ ಅಂಕಿ ಸ್ವಲ್ಪ ಅಲುಗಾಡಲಿ. ಇನ್ನೂ 20,000 ಟನ್ ಬೇರೆ ಯಾವುದೋ ಸರಕಿನ ಕೋಡ್‌ನಡಿ ಗಡಿ ದಾಟಿತ್ತು ಅಂದುಕೊಳ್ಳಿ. ತಲೆಗೆ 3.5 ಕೆಜಿ ಇದ್ದದ್ದು 2.5ಕ್ಕೆ ಇಳಿಯುತ್ತದೆ. ಅದೇ ದೇಶದಲ್ಲಿ 30 ಲಕ್ಷ ಟನ್ ಗೋಧಿ ಇದ್ದರೆ ಇಷ್ಟೇ ತಪ್ಪು ಅಲ್ಲಿ ಕಣ್ಣಿಗೇ ಬೀಳುವುದಿಲ್ಲ, ಶೇ. 1 ಕೂಡ ಆಗಲ್ಲ. ಕೊನೆಯಲ್ಲಿ ಉಳಿದದ್ದೇ ಆಹಾರ ಅನ್ನುವ ಲೆಕ್ಕದಲ್ಲಿ ಮೇಲಿನ ಎಲ್ಲ ಸಾಲುಗಳ ತಪ್ಪೂ ಬಂದು ಬೀಳುವುದು ಅಲ್ಲಿಯೇ. ಎಫ್‌ಎಒದ ಹೊಸ ವಿಧಾನದಲ್ಲಿ ಹೊಂದದ ಮೊತ್ತವನ್ನು ಹಲವು ಸಾಲುಗಳಿಗೆ ಹಂಚುತ್ತಾರೆ. ಅದು ಒಳ್ಳೆಯದೇ, ಆದರೆ ತಪ್ಪು ಎಲ್ಲೂ ಹೋಗಿರುವುದಿಲ್ಲ, ಚದುರಿರುತ್ತದೆ ಅಷ್ಟೇ.

ಕೋಡ್‌ನ ಮಾತು ಸುಮ್ನೆ ಹೇಳಿದ್ದಲ್ಲ. ಗಡಿ ದಾಟುವ ಸರಕುಗಳನ್ನು ಗುರುತಿಸಲು ದೇಶಗಳು ಬಳಸುವ ಎಚ್‌ಎಸ್ ಕೋಡ್‌ನಲ್ಲಿ ಫೋನಿಯೋ, ಕ್ವಿನೋವಾ, ಟ್ರಿಟಿಕೇಲ್‌ಗೆ ಪ್ರತ್ಯೇಕ ಸಂಖ್ಯೆ ಬಂದದ್ದು 2012ರ ಪರಿಷ್ಕರಣೆಯಲ್ಲಿ. ಅದಕ್ಕೂ ಮುಂಚೆ ಅವು 1008.90ರ 'ಇತರೆ'ಯಲ್ಲಿ ಕಲೆತುಹೋಗಿದ್ದವು. ಆ ಸುಮಾರಿಗೆ ಆಮದು ರಫ್ತು ದಿಢೀರ್ ಏರಿದಂತೆ ಕಂಡರೆ ಮೊದಲು ಕೋಡ್ ಅನ್ನೇ ಅನುಮಾನಿಸಿ. ಹಿಟ್ಟಿನದು ಇನ್ನೂ ಕಷ್ಟ. ಸಣ್ಣ ಧಾನ್ಯಗಳ ಹಿಟ್ಟೆಲ್ಲ 1102.90ರಲ್ಲಿ ಒಟ್ಟಿಗೆ ಹೋಗುತ್ತದೆ, ಯಾವುದರ ಹಿಟ್ಟು ಅಂತ ಬಿಡಿಸುವುದು ಅಂದಾಜಿನ ಕೆಲಸ.

ವರ್ಷಗಳ ಸರಣಿ ಎಳೆಯುವಾಗಲೂ ಎಚ್ಚರ ಬೇಕು. ಎಫ್‌ಎಒದ ಹಳೆಯ ಸರಣಿ 1961ರಿಂದ 2013ರವರೆಗೆ, ಹೊಸದು 2010ರಿಂದ. ಎರಡನ್ನೂ ಅಂಟಿಸಿ ಒಂದೇ ಗೆರೆ ಎಳೆಯಬೇಡಿ. 2010ರಿಂದ 2013ರವರೆಗಿನ ನಾಲ್ಕು ವರ್ಷ ಎರಡರಲ್ಲೂ ಇವೆಯಲ್ಲ, ಅವನ್ನು ಪಕ್ಕಪಕ್ಕ ಇಟ್ಟು ವಿಧಾನ ಬದಲಾದದ್ದರಿಂದ ಎಷ್ಟು ವ್ಯತ್ಯಾಸ ಅಂತ ನೋಡಿ. ದಾಸ್ತಾನಿನ ಚಿಹ್ನೆಯೂ ತಿರುಗುಮುರುಗು ಆಗಿದೆ: ಹಳೆಯದರಲ್ಲಿ ದಾಸ್ತಾನಿನಿಂದ ತೆಗೆದದ್ದು ಪ್ಲಸ್, ಹೊಸದರಲ್ಲಿ ದಾಸ್ತಾನಿಗೆ ಸೇರಿದ್ದು ಪ್ಲಸ್. ಒಂದು ಸಾಲನ್ನು ಕೈಯಲ್ಲೇ ಕೂಡಿ ಕಳೆದು ನೋಡಿದರೆ ಗೊತ್ತಾಗಿಬಿಡುತ್ತದೆ.

ಪ್ರತಿ ಅಂಕಿಯ ಪಕ್ಕ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. 'ಎ' ಅಂದರೆ ಅಧಿಕೃತ, 'ಇ' ಅಂದರೆ ಅಂದಾಜು, 'ಐ' ಅಂದರೆ ಮಾದರಿಯಿಂದ ತುಂಬಿಸಿದ್ದು. ಡೌನ್‌ಲೋಡ್ ಮಾಡಿದ ತಕ್ಷಣ ಈ ಕಾಲಂ ಅಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಣ್ಣ ಬೆಳೆಗಳಲ್ಲಿ ಅಂಕಿಯಷ್ಟೇ ಬೆಲೆ ಆ ಅಕ್ಷರಕ್ಕೂ ಇದೆ. ಸೊನ್ನೆಯನ್ನೂ ಹಾಗೇ ನಂಬಬೇಡಿ. ಪಟ್ಟಿಯ ಅಳತೆ ಸಾವಿರ ಟನ್, ಆದ್ದರಿಂದ 400 ಟನ್ ಕೂಡ ಪೂರ್ಣಾಂಕಕ್ಕೆ ಬಂದಾಗ ಸೊನ್ನೆಯೇ.

ಕೊನೆಗೆ ಒಂದು ಪರೀಕ್ಷೆ. ಧಾನ್ಯಗಳಲ್ಲಿ 100 ಗ್ರಾಂಗೆ ಸುಮಾರು 340 ಕಿಲೋಕ್ಯಾಲೊರಿ ಅಂತ ಹಿಡಿದರೆ, ವರ್ಷಕ್ಕೆ 1 ಕೆಜಿ ಅಂದರೆ ದಿನಕ್ಕೆ ಸುಮಾರು 9 ಕಿಲೋಕ್ಯಾಲೊರಿ. ನಮ್ಮ 3.5 ಕೆಜಿಗೆ 33ರ ಆಸುಪಾಸು ಬರಬೇಕು. ಪಟ್ಟಿ 60 ಅಂತ ತೋರಿಸಿದರೆ ತೂಕವನ್ನು ಕ್ಯಾಲೊರಿಗೆ ಬದಲಿಸುವ ಯಾವುದೋ ಗುಣಕ ತಪ್ಪಿದೆ. ತೀರಾ ಕಡಿಮೆ ಬಂದರೆ ಸಿಪ್ಪೆಯ ಕಡೆ ನೋಡಿ. ತೂಕ ಇರುವುದು ಇಡೀ ಕಾಳಿನದು, ತಿನ್ನುವುದು ಸಿಪ್ಪೆ ಸುಲಿದದ್ದು. ಬಕ್‌ವೀಟ್‌ನಂಥ ದಪ್ಪ ಸಿಪ್ಪೆಯ ಕಾಳಿನಲ್ಲಿ ಇದು ದೊಡ್ಡ ವ್ಯತ್ಯಾಸ.

ಬರೆಯುವಾಗ 'ಜನ ಇಷ್ಟು ತಿಂದರು' ಅನ್ನಬೇಡಿ, 'ಇಷ್ಟು ಲಭ್ಯವಿತ್ತು' ಅನ್ನಿ. ಅಂಗಡಿಗೆ ತಲುಪಿದ ಮೇಲೆ ಮನೆಯಲ್ಲಿ ಹಾಳಾದದ್ದೂ ಆ ಅಂಕಿಯೊಳಗೇ ಇದೆ. ಒಂದೇ ವರ್ಷದ ಬದಲು ಮೂರು ವರ್ಷದ ಸರಾಸರಿ ಕೊಡಿ, ಯಾವ ಸರಣಿ ಅಂತ ಹೇಳಿ, ಉತ್ಪಾದನೆಯ ಅಂಕಿ ಅಧಿಕೃತವೋ ಅಂದಾಜೋ ಅನ್ನುವುದನ್ನು ಅದೇ ವಾಕ್ಯದಲ್ಲಿ ಸೇರಿಸಿ. ಅಡಿಟಿಪ್ಪಣಿಗೆ ತಳ್ಳಿದರೆ ಯಾರೂ ಓದುವುದಿಲ್ಲ.