ಅಮೆರಿಕದಲ್ಲಿ ಎ.ಎ. ಸಭೆಗೆ ಮೊದಲ ಸಲ ಹೋಗುವವರಿಗೆ

ಕುಡಿತ ಬಿಡಬೇಕೆಂದು ಮನಸ್ಸು ಮಾಡಿದ ಮೇಲೂ ಅಮೆರಿಕದಲ್ಲಿರುವ ನಮ್ಮವರು ತಿಂಗಳುಗಟ್ಟಲೆ ಹಿಂದೆಮುಂದೆ ನೋಡುವುದುಂಟು. ಹೆಸರು ಎಲ್ಲಾದರೂ ದಾಖಲಾಗುತ್ತದೋ, ಆಫೀಸಿಗೆ ತಿಳಿಯುತ್ತದೋ, ವೀಸಾಕ್ಕೆ ತೊಂದರೆಯಾಗುತ್ತದೋ, ಕನ್ನಡ ಕೂಟದಲ್ಲಿ ನಾಲ್ಕು ಜನ ಆಡಿಕೊಳ್ಳುತ್ತಾರೋ ಎಂಬ ಅಳುಕೇ ಅದಕ್ಕೆ ಬಹುಮಟ್ಟಿಗೆ ಕಾರಣ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಕುಡಿತ ಬಿಡಬಯಸುವವರು ಸಭೆ ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟ; ಇದೇ ಅಳುಕನ್ನು ಸ್ವತಃ ಅನುಭವಿಸಿದವರು ಕಟ್ಟಿದ್ದು. 1935ರಲ್ಲಿ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ, ಕುಡಿತದಿಂದ ಹೈರಾಣಾಗಿದ್ದ ಇಬ್ಬರು, ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಶಸ್ತ್ರವೈದ್ಯರು, ಒಬ್ಬರಿಗೊಬ್ಬರು ಆಸರೆಯಾದದ್ದರಿಂದ ಇದು ಹುಟ್ಟಿತು. ಇಂದಿಗೂ ಇಲ್ಲಿ ನೋಂದಣಿಯಿಲ್ಲ, ಶುಲ್ಕವಿಲ್ಲ, ಇನ್ಶೂರೆನ್ಸ್ ಕಾರ್ಡನ್ನು ಯಾರೂ ಕೇಳುವುದಿಲ್ಲ. ಕುಡಿತ ಬಿಡುವ ಇಚ್ಛೆಯೊಂದಿದ್ದರೆ ಸದಸ್ಯರಾಗಬಹುದು. ವೀಸಾಕ್ಕೆ ಕುತ್ತು ತರಬಹುದಾದದ್ದು ಕುಡಿದು ಕಾರು ಓಡಿಸಿ ಪೊಲೀಸರಿಗೆ ಸಿಕ್ಕಿಬಿದ್ದ ಪ್ರಕರಣ. ಸಭೆಗೆ ಹೋಗಿ ಕುಳಿತದ್ದಲ್ಲ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆಯ ಮಾತು. ಬಹುಕಾಲದಿಂದ ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರು ದಯವಿಟ್ಟು ಮೊದಲು ವೈದ್ಯರನ್ನು ಕಾಣಬೇಕು. ಫಿಟ್ಸ್ ಬಂದರೆ ಅಥವಾ ಇಲ್ಲದ್ದು ಕಾಣತೊಡಗಿದರೆ ತಡಮಾಡದೆ 911ಕ್ಕೆ ಕರೆ ಮಾಡಬೇಕು. ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ತಿಳಿಯದವರಿಗೆ ಸರ್ಕಾರದ ಸಹಾಯವಾಣಿ 1-800-662-4357 ಹಗಲೂ ರಾತ್ರಿಯೂ ಉಚಿತವಾಗಿ ದಾರಿ ತೋರಿಸುತ್ತದೆ. ಸಭೆ ಚಿಕಿತ್ಸೆಗೆ ಬದಲಿಯಲ್ಲ, ಜೊತೆಗಿರುವ ಊರುಗೋಲು.

ಸಭೆಯನ್ನು ಹುಡುಕುವುದು ಕಷ್ಟವಲ್ಲ. ಎ.ಎ. ಜಾಲತಾಣದಲ್ಲಾಗಲಿ, ಮೀಟಿಂಗ್ ಗೈಡ್ ಎಂಬ ಉಚಿತ ಆ್ಯಪ್‌ನಲ್ಲಾಗಲಿ ನಿಮ್ಮ ಊರಿನ ಹೆಸರು ಹಾಕಿದರೆ ಸುತ್ತಮುತ್ತಲಿನ ಸಭೆಗಳ ಸಮಯ, ವಿಳಾಸ ಕಾಣಿಸುತ್ತವೆ. ಪಟ್ಟಿಯಲ್ಲಿ ಗಮನಿಸಬೇಕಾದ ಪದಗಳು ಎರಡು. ‘ಓಪನ್’ ಎಂದಿದ್ದರೆ ಯಾರು ಬೇಕಾದರೂ ಬರಬಹುದು, ಹೆಂಡತಿಯನ್ನೋ ಅಣ್ಣನನ್ನೋ ಜೊತೆಗೆ ಕರೆತರಬಹುದು. ‘ಕ್ಲೋಸ್ಡ್’ ಎಂದಿದ್ದರೆ ಕುಡಿತ ಬಿಡಬಯಸುವವರಿಗೆ ಮಾತ್ರ ಪ್ರವೇಶ. ಮಹಿಳೆಯರಿಗೇ ಮೀಸಲಾದ ಸಭೆಗಳೂ ಆನ್‌ಲೈನ್ ಸಭೆಗಳೂ ಇವೆ. ಪರಿಚಿತರ ಕಣ್ಣಿಗೆ ಬೀಳುವ ಭಯವಿದ್ದರೆ ಅರ್ಧ ಗಂಟೆ ದೂರದ ಊರಿನ ಸಭೆಯನ್ನು ಆರಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ವಿಳಾಸ ಅನೇಕ ವೇಳೆ ಚರ್ಚಿನದಾಗಿರುತ್ತದೆ, ಅದನ್ನು ನೋಡಿ ಹಿಂಜರಿಯಬೇಡಿ. ಚರ್ಚಿನ ಕೋಣೆಯನ್ನು ಗುಂಪು ಬಾಡಿಗೆಗೆ ಪಡೆದಿರುತ್ತದೆ, ಯಾವ ಮತದೊಂದಿಗೂ ಅದಕ್ಕೆ ನಂಟಿಲ್ಲ.

ಹತ್ತಿರದ ಬಂಧುವೊಬ್ಬರ ಜೊತೆ ನಾನು ಮೊದಲ ಓಪನ್ ಸಭೆಗೆ ಹೋದಾಗ ಕಂಡದ್ದು ನೆಲಮಾಳಿಗೆಯ ಒಂದು ಕೋಣೆ, ಮಡಚುವ ಕುರ್ಚಿಗಳು, ಮೂಲೆಯಲ್ಲಿ ಕಾಫಿ ಕಾಯುತ್ತಿದ್ದ ದೊಡ್ಡ ಪಾತ್ರೆ. ಬಂಧುಗಳು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಜಾಕೆಟ್ ಕೂಡ ತೆಗೆಯದೆ, ಎದ್ದು ಹೋಗಲು ಸಿದ್ಧರಾದವರಂತೆ ಕುಳಿತರು. ಹೊಸಬರು ಯಾರಾದರೂ ಇದ್ದೀರಾ ಎಂದು ಕೇಳಿದಾಗ ಅವರು ಕೈ ಎತ್ತಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ಒಬ್ಬೊಬ್ಬರಾಗಿ ತಮ್ಮ ಮೊದಲ ಹೆಸರನ್ನಷ್ಟೇ ಹೇಳಿ ತಮ್ಮ ಕಥೆಯನ್ನು ಹಂಚಿಕೊಂಡರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ ಎಂಬ ಕಟ್ಟುಪಾಡು ಅಲ್ಲಿತ್ತು. ಮನೆಯಲ್ಲಿ ವರ್ಷಗಳಿಂದ ಬರೀ ಬುದ್ಧಿಮಾತು ಕೇಳಿದ್ದ ನಮ್ಮವರಿಗೆ ಅದೇ ದೊಡ್ಡ ಸಮಾಧಾನವಾಯಿತು. ನಿಮ್ಮ ಸರದಿ ಬಂದಾಗ ‘ಪಾಸ್’ ಎಂದರೆ ಸಾಕು. ನಡುವೆ ಒಂದು ಬುಟ್ಟಿ ಸುತ್ತಿ ಬರುತ್ತದೆ; ಅದಕ್ಕೆ ಒಂದೆರಡು ಡಾಲರ್ ಹಾಕುವ ರೂಢಿಯಿದೆ, ಹೊಸಬರು ಹಾಕಲೇಬೇಕೆಂದಿಲ್ಲ. ಇಪ್ಪತ್ತನಾಲ್ಕು ಗಂಟೆ, ಮೂವತ್ತು ದಿನ, ಒಂದು ವರ್ಷ ಕುಡಿಯದೆ ಕಳೆದವರಿಗೆ ಅನೇಕ ಗುಂಪುಗಳಲ್ಲಿ ನಾಣ್ಯದಂಥ ಬಿಲ್ಲೆ ಕೊಡುತ್ತಾರೆ.

ಕುಡಿತದಿಂದ ಹೊರಬರಲು ಎ.ಎ. ಸೂಚಿಸುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ಅದನ್ನು ಅವರವರ ಅರಿವಿನ ದೇವರೆಂದೇ ತಿಳಿಯಬಹುದು. ಆದರೂ ಅದು ಹಿಡಿಸದವರಿಗೆ, ಯೋಚಿಸುವ ರೀತಿಯನ್ನು ತಿದ್ದಿಕೊಳ್ಳಲು ಕಲಿಸುವ ಮನೋಚಿಕಿತ್ಸೆಯ (ಕಾಗ್ನಿಟಿವ್ ಥೆರಪಿ) ವಿಧಾನಗಳನ್ನು ಆಧರಿಸಿ 1994ರಿಂದ ನಡೆಯುತ್ತಿರುವ ಸ್ಮಾರ್ಟ್ ರಿಕವರಿ ಎಂಬ ಬೇರೊಂದು ಸಂಸ್ಥೆಯ ಸಭೆಗಳಿವೆ. ಕುಡಿಯುವವರ ಮನೆಯವರಿಗಾಗಿಯೇ 1951ರಿಂದ ಅಲ್-ಅನಾನ್ ಇದೆ. ಗಂಡ ಸಭೆಗೆ ಹೋಗಲು ಒಪ್ಪದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು, ಹೋಗಲೇಬೇಕು ಎನ್ನುತ್ತೇನೆ.

ಊರಿನಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಇಲ್ಲಿನ ಕ್ರಮ ವಿಚಿತ್ರವೆನಿಸಬಹುದು. ಅಲ್ಲಿ ಊರಿನ ಹಿರಿಯರು ಎದುರಿಗಿರುತ್ತಾರೆ, ಶಿಬಿರಕ್ಕೊಂದು ಮುಕ್ತಾಯವಿರುತ್ತದೆ. ಇಲ್ಲಿ ಹಿರಿಯರೆಂಬವರಿಲ್ಲ, ಸಭೆಗಳಿಗೆ ಕೊನೆಯೂ ಇಲ್ಲ. ಮೊದಲ ತೊಂಬತ್ತು ದಿನಗಳಲ್ಲಿ ತೊಂಬತ್ತು ಸಭೆ ಎಂದು ಹಳಬರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಲಾಗದವರು ಮೊದಮೊದಲು ಸುಮ್ಮನೆ ಕೇಳಿಸಿಕೊಳ್ಳಲಿ. ಊರಿಗೆ ಹೋದಾಗ ಬೆಂಗಳೂರಿನಲ್ಲಿ ಕನ್ನಡದಲ್ಲೇ ನಡೆಯುವ ಸಭೆಗಳಿಗೂ ಹೋಗಬಹುದು.

ಒಂದು ಸಭೆ ಹಿಡಿಸದಿದ್ದರೆ ಎ.ಎ.ಯೇ ಸರಿಯಿಲ್ಲವೆಂದು ತೀರ್ಮಾನಿಸದೆ ಬೇರೆ ಬೇರೆ ಗುಂಪುಗಳ ಐದಾರು ಸಭೆಗಳನ್ನಾದರೂ ನೋಡಿ. ಸಭೆ ಮುಗಿದ ಕೂಡಲೇ ಕಾರಿನತ್ತ ಧಾವಿಸಬೇಡಿ. ಆ ಹತ್ತು ನಿಮಿಷದಲ್ಲೇ ಯಾರಾದರೂ ಹತ್ತಿರ ಬಂದು ಚೀಟಿಯಲ್ಲಿ ತಮ್ಮ ಫೋನ್ ನಂಬರ್ ಬರೆದುಕೊಡುತ್ತಾರೆ. ಚೀಟಿಯನ್ನು ಪರ್ಸಿನಲ್ಲಿಟ್ಟುಕೊಳ್ಳಿ, ಕುಡಿಯಬೇಕೆನಿಸಿದಾಗ, ಕುಡಿದ ಮೇಲಲ್ಲ, ಕುಡಿಯುವ ಮೊದಲೇ, ಆ ನಂಬರಿಗೆ ಫೋನ್ ಮಾಡಿ.