ಹೊಕ್ಕುಳಬಳ್ಳಿಯಿಂದ ಕಾಂಡಕೋಶ: ತುಂಡು ತೇಲಿದರೆ ಕೆಲಸ ಕೆಟ್ಟಂತೆ

ಕಲಬುರಗಿಯಲ್ಲಿ ಕಾಂಡಕೋಶ (ಸ್ಟೆಮ್ ಸೆಲ್, ಬೇರೆ ಬಗೆಯ ಕೋಶವಾಗಿ ಬದಲಾಗಬಲ್ಲ ಕೋಶ) ಬೆಳೆಸುವ ಪ್ರಾಜೆಕ್ಟ್‌ಗೆ ಅಂತ ಹೊಕ್ಕುಳಬಳ್ಳಿ ಹಿಡಿದುಕೊಂಡು ಲ್ಯಾಬಿಗೆ ಬರುವ ಹುಡುಗರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಗದಪತ್ರ. ಎಥಿಕ್ಸ್ ಕಮಿಟಿಯ ಒಪ್ಪಿಗೆ, ತಾಯಿಯ ಸಹಿ, ಎಚ್‌ಐವಿ ಮತ್ತು ಹೆಪಟೈಟಿಸ್ ರಿಪೋರ್ಟ್. ಹೇಗೂ ಬಿಸಾಡೋದೇ ತಾನೇ ಅನ್ನುವವರು ಮುಂದೆ ಓದಬೇಡಿ. ಸಿಸೇರಿಯನ್ ಹೆರಿಗೆಯ ಬಳ್ಳಿ ಸಿಕ್ಕರೆ ಒಳ್ಳೇದು, ಬ್ಯಾಕ್ಟೀರಿಯಾ ಕಾಟ ಕಡಿಮೆ. ಆಂಟಿಬಯೋಟಿಕ್ ಬೆರೆಸಿದ ಉಪ್ಪುದ್ರಾವಣ, ಅಂದರೆ ಪಿಬಿಎಸ್‌ನಲ್ಲಿ ಮುಳುಗಿಸಿ, ಐಸ್ ಡಬ್ಬಿಯಲ್ಲಿ ತನ್ನಿ. ನಮ್ಮೂರಿನ ಮೇ ಬಿಸಿಲಲ್ಲಿ ಬೈಕ್ ಡಿಕ್ಕಿಗೆ ಹಾಕಿಕೊಂಡು ಬಂದರೆ ಬಳ್ಳಿ ದಾರಿಯಲ್ಲೇ ಹಾಳು.

ಸೋಸಿದ ಗಾಳಿ ಹಾಯುವ ಸೇಫ್ಟಿ ಕ್ಯಾಬಿನೆಟ್ ಒಳಗೆ ರಕ್ತ ಹೋಗುವ ತನಕ ತೊಳೆಯಿರಿ. ಬಳ್ಳಿ ಸೀಳಿ ಮೂರೂ ರಕ್ತನಾಳ ಎಳೆದು ತೆಗೆಯಿರಿ. ಉಳಿಯುವ ಬಿಳಿ ಲೋಳೆಯೇ ವಾರ್ಟನ್ ಜೆಲ್ಲಿ, ನಮಗೆ ಬೇಕಾದ ಕೋಶ ಇರುವುದು ಅದರಲ್ಲೇ. ಅದನ್ನು ಕತ್ತರಿಸಿ. ಜೋಳದ ಕಾಳಿನಷ್ಟು ದಪ್ಪ ಬೇಡ, ಸಾಸಿವೆಯಷ್ಟು, ಅಂದರೆ 1-2 ಮಿಲಿಮೀಟರ್ ಸಾಕು.

ಈಗ ಆ ಎಡವುವ ಜಾಗ. ತುಂಡುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟ ತಕ್ಷಣ ಮೀಡಿಯಂ (ಕೋಶಗಳಿಗೆ ಆಹಾರವಾಗುವ ದ್ರವ) ಸುರಿಯುತ್ತಾರೆ. ಎಲ್ಲ ತೇಲುತ್ತವೆ. ತೇಲುವ ತುಂಡಿನಿಂದ ಕೋಶ ತಟ್ಟೆಗೆ ಇಳಿಯುವುದಾದರೂ ಹೇಗೆ? ಜಾಸ್ತಿ ನೀರನ್ನು ಪಿಪೆಟ್‌ನಿಂದ ಹೀರಿ, ಮುಚ್ಚಳ ಹಾಕಿ, ಇನ್‌ಕ್ಯುಬೇಟರ್‌ನಲ್ಲಿ 15-20 ನಿಮಿಷ ಬಿಡಿ. ಅಂಟಬೇಕು, ಒಣಗಬಾರದು. ಅಂಚು ಬೆಳ್ಳಗೆ ಗಟ್ಟಿಯಾಗುವಂತೆ ಕಂಡರೆ ತಡಮಾಡಿದಿರಿ ಅಂತಲೇ ಲೆಕ್ಕ. ಕ್ಯಾಬಿನೆಟ್ ಗಾಳಿಗೆ ತೆರೆದಿಟ್ಟು ಚಹಾಕ್ಕೆ ಹೋಗುವವರನ್ನೂ ನೋಡಿದ್ದೇನೆ. ಆಮೇಲೆ 10 ಶೇಕಡಾ ಸೀರಮ್ (ರಕ್ತದಿಂದ ತೆಗೆದ, ಕೋಶ ಬೆಳೆಯಲು ಬೇಕಾದ ದ್ರವ) ಇರುವ ಮೀಡಿಯಂ ಅನ್ನು ಗೋಡೆ ಅಂಚಿನಿಂದ ಹನಿಹನಿಯಾಗಿ ಬಿಡಿ, ತುಂಡಿನ ಬುಡ ನೆನೆದರೆ ಸಾಕು. ಉಳಿದದ್ದು ಮರುದಿನ. ಇನ್ನು 37 ಡಿಗ್ರಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್, ಮತ್ತು ಮರುದಿನ ಮೀಡಿಯಂ ತುಂಬಿಸುವುದು ಬಿಟ್ಟರೆ ಮೂರು ದಿನ ತಟ್ಟೆ ಅಲುಗಾಡಿಸಬೇಡಿ. ದಿನಾ ತೆಗೆದು ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಅಂಟಿದ್ದೂ ಕಿತ್ತು ಬರುತ್ತದೆ. ಇನ್‌ಕ್ಯುಬೇಟರ್‌ಗೆ ಯುಪಿಎಸ್ ಇರಲೇಬೇಕು, ನಮ್ಮ ಕರೆಂಟ್ ನಂಬಬೇಡಿ.

ಜೆಲ್ಲಿ ಕರಗಿಸುವ ಕಿಣ್ವ ಕೊಲಾಜಿನೇಸ್ ಹಾಕಿದರೆ ಬೇಗ ಆಗುತ್ತದೆ ನಿಜ, ಆದರೆ ಹೊತ್ತು ಮೀರಿದರೆ ಕೋಶಗಳೇ ಏಟು ತಿನ್ನುತ್ತವೆ, ನನಗೆ ಇಷ್ಟವಿಲ್ಲ. ಅಗ್ಗದ ಸೀರಮ್ಮೂ ಬೇಡ.

ಒಂದು ವಾರ, ಹತ್ತು ದಿನದಲ್ಲಿ ತುಂಡಿನ ಸುತ್ತ ಉದ್ದುದ್ದ ಕೋಶಗಳು ಹೊರಡುತ್ತವೆ. ತಟ್ಟೆ 70-80 ಶೇಕಡಾ ತುಂಬಿದಾಗ ತುಂಡು ತೆಗೆದು, ಅಂಟಿದ ಕೋಶ ಬಿಡಿಸುವ ಕಿಣ್ವ ಟ್ರಿಪ್ಸಿನ್ ಹಾಕಿ. ಅಂಟಿ ಬೆಳೆದದ್ದೆಲ್ಲ ಕಾಂಡಕೋಶ ಅಲ್ಲ. 2006ರ ಅಂತರರಾಷ್ಟ್ರೀಯ ಮಾನದಂಡದಂತೆ ಕೋಶದ ಮೈಮೇಲಿನ ಪ್ರೋಟೀನ್‌ಗಳಾದ ಸಿಡಿ73, ಸಿಡಿ90, ಸಿಡಿ105 ಗುರುತು ಕನಿಷ್ಠ 95 ಶೇಕಡಾ ಕೋಶಗಳಲ್ಲಿ ಸಿಗಬೇಕು, ಸಿಡಿ34, ಸಿಡಿ45 ಗುರುತು 2 ಶೇಕಡಾ ಮೀರಬಾರದು. ಮೂಳೆ, ಕೊಬ್ಬು, ಮೃದ್ವಸ್ಥಿಯಾಗಿ ಬದಲಾಗುವುದನ್ನೂ ತೋರಿಸಬೇಕು. ಮೈಕೋಪ್ಲಾಸ್ಮಾ (ಬೆಳೆಸಿದ ಕೋಶಗಳಿಗೆ ಹತ್ತುವ ಪುಟ್ಟ ಬ್ಯಾಕ್ಟೀರಿಯಾ) ಪರೀಕ್ಷೆ ಆಗದ ಕೋಶದ ಬಾಟಲಿಯನ್ನು ಮಾತ್ರ ಬೇರೆಯವರ ಇನ್‌ಕ್ಯುಬೇಟರ್‌ಗೆ ಇಡಲು ಹೋಗಬೇಡಿ.